ಐದು ಪದಗಳ ಒಂದು ವಾಕ್ಯ: ಕಾಸೆಲ್ ನಗರದ ವಕೀಲೆ ಎಲಿಜಬೆತ್ ಸೆಲ್ಬರ್ಟ್

(ಸಂಘದ ಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ಯಾವ ವಿಷಯ ಆರಿಸಿಕೊಳ್ಳುವುದೆಂದು ಸ್ವಲ್ಪ ಯೋಚನೆಯಾಯಿತು. ನಾಡು-ನುಡಿಯ ಬಗ್ಗೆ, ಸಾಹಿತ್ಯ-ಸಂಗೀತದ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಆದರೆ ನಾವು ಮನೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸಿ, ತೆರಿಗೆ ಕಟ್ಟಿಕೊಂಡು ಬದುಕುತ್ತಿರುವ ಈ ನಾಡಿನ ಹಿರಿಯರ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಬರುವುದು ಕಡಿಮೆ. ಬೀಥೋವನ್ ನಮಗೆ ಗೊತ್ತು. ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ಲರಂತೂ ನಮ್ಮವರೇ ಆಗಿಬಿಟ್ಟಿದ್ದಾರೆ. ಆದರೆ ನಮ್ಮ ಮನೆಯೊಳಗಿನ ಬದುಕನ್ನೇ ಮುಟ್ಟಿದ ಒಬ್ಬ ಹೆಣ್ಣುಮಗಳ ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತೇವೆ. ಅವರ ಹೆಸರು ಎಲಿಜಬೆತ್ ಸೆಲ್ಬರ್ಟ್. ವೃತ್ತಿಯಲ್ಲಿ ವಕೀಲೆ. ಹೆಸ್ಸೆನ್ ರಾಜ್ಯದ ವಿಧಾನಸಭೆಯಲ್ಲಿ, ಅಂದರೆ ಲಾಂಡ್‌ಟಾಗಿನಲ್ಲಿ, ಹನ್ನೆರಡು ವರ್ಷ ಸದಸ್ಯೆಯಾಗಿದ್ದವರು.

ಅವರ ಕಥೆಗೆ ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ. ನಮ್ಮ ನಾಡಿನಿಂದ ಓದಿಗೆಂದೋ ಕಾರ್ಖಾನೆಯ ತರಬೇತಿಗೆಂದೋ ಇಲ್ಲಿಗೆ ಮೊದಮೊದಲು ಬಂದ ತರುಣರಲ್ಲಿ ಕೆಲವರು ಜರ್ಮನ್ ಹೆಣ್ಣುಮಕ್ಕಳನ್ನೇ ಮದುವೆಯಾದರು. ಅಂಥ ಮನೆಯಲ್ಲಿ 1960ರ ದಶಕದಲ್ಲಿ ಮಗು ಹುಟ್ಟಿತೆಂದು ಇಟ್ಟುಕೊಳ್ಳಿ. ಹುಟ್ಟಿದ್ದು ಜರ್ಮನಿಯ ಆಸ್ಪತ್ರೆಯಲ್ಲಿ, ಹೆತ್ತವಳು ಜರ್ಮನಿಯ ಮಗಳು. ಆದರೂ ಆ ಮಗು ಕಾನೂನಿನ ಕಣ್ಣಿಗೆ ಪರದೇಶಿ. ಮದುವೆಯಾದವರ ಮಗುವಿಗೆ ಪೌರತ್ವ ಬರುವುದು ತಂದೆಯಿಂದ, ತಾಯಿಯಿಂದ ಸಾಮಾನ್ಯವಾಗಿ ಇಲ್ಲ ಎಂಬುದು ಆಗಿನ ನಿಯಮ. ಇದು ಸಂವಿಧಾನಕ್ಕೆ ವಿರುದ್ಧವೆಂದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 1974ರ ಮೇ 21ರಂದು ತೀರ್ಪು ಕೊಟ್ಟಿತು. 1975ರ ಜನವರಿ 1ರಿಂದ ತಾಯಿಯ ಪೌರತ್ವವೂ ಮಗುವಿಗೆ ಬರತೊಡಗಿತು. ನ್ಯಾಯಾಲಯ ಆಧಾರವಾಗಿ ಹಿಡಿದದ್ದು ಸಂವಿಧಾನದ ಮೂರನೆಯ ಅನುಚ್ಛೇದದ ಒಂದು ವಾಕ್ಯವನ್ನು. ಜರ್ಮನ್ ಭಾಷೆಯಲ್ಲಿ ಅದು ಐದೇ ಪದ: ಮೆನ್ನರ್ ಉಂಡ್ ಫ್ರಾವೆನ್ ಸಿಂಡ್ ಗ್ಲೈಷ್‌ಬೆರೆಷ್ಟಿಗ್ಟ್. ಪುರುಷರೂ ಸ್ತ್ರೀಯರೂ ಸಮಾನ ಹಕ್ಕುಳ್ಳವರು. ಆ ವಾಕ್ಯವನ್ನು ಅಲ್ಲಿ ತಂದು ಕೂರಿಸಿದವರು ಕಾಸೆಲ್ಲಿನ ಈ ವಕೀಲೆ.

ವಕೀಲಿಯಿಂದ ಶಾಸಕರಾದವರು ನಮಗೇನೂ ಹೊಸಬರಲ್ಲ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ನಿಜಲಿಂಗಪ್ಪನವರು, ಕೆಂಗಲ್ ಹನುಮಂತಯ್ಯನವರು, ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು, ಇವರೆಲ್ಲ ಕರೀ ಕೋಟು ತೊಟ್ಟು ಬಂದು ಮುಖ್ಯಮಂತ್ರಿಗಳಾದವರು. ಸೆಲ್ಬರ್ಟ್ ಅವರು ಮುಖ್ಯಮಂತ್ರಿ ಇರಲಿ, ಮಂತ್ರಿಯೂ ಆಗಲಿಲ್ಲ. ಹಾಗಿದ್ದೂ ಅವರು ಮಾಡಿದ ಕೆಲಸ ಎಷ್ಟೋ ಮಂತ್ರಿಗಳ ಕೆಲಸಕ್ಕಿಂತ ಹೆಚ್ಚು ಬಾಳಿಕೆ ಬಂದಿದೆ. ಅದು ಹೇಗಾಯಿತೆಂದು ಹೇಳುವುದೇ ನನ್ನ ಇಂದಿನ ಉದ್ದೇಶ.

ಕಾಸೆಲ್ ನಗರವನ್ನು ನೀವೆಲ್ಲ ರೈಲಿನಲ್ಲಿ ಹೋಗುವಾಗಲಾದರೂ ಕಂಡಿದ್ದೀರಿ. ಗ್ರಿಮ್ ಸೋದರರು ಬಾಳಿದ ಊರು. ಅಲ್ಲಿ 1896ರ ಸೆಪ್ಟೆಂಬರ್ 22ರಂದು ಒಂದು ಸಾಧಾರಣ ಮನೆಯಲ್ಲಿ ಎಲಿಜಬೆತ್ ಹುಟ್ಟಿದರು. ನಾಲ್ವರು ಹೆಣ್ಣುಮಕ್ಕಳಲ್ಲಿ ಅವರು ಎರಡನೆಯವರು. ನಾಲ್ಕು ಹೆಣ್ಣುಮಕ್ಕಳ ತಂದೆಯ ಚಿಂತೆ ಏನೆಂಬುದು ನಮಗೆ ವಿವರಿಸಬೇಕಾಗಿಲ್ಲ. ಅದು ಎಲ್ಲ ದೇಶದಲ್ಲೂ ಒಂದೇ. ಓದಿನಲ್ಲಿ ಚುರುಕಾಗಿದ್ದರೂ ಹೈಸ್ಕೂಲಿನ ಮೇಲಿನ ಓದಿಗೆ ಮನೆಯಲ್ಲಿ ಹಣವಿರಲಿಲ್ಲ. ಒಂದು ವ್ಯಾಪಾರ ಸಂಸ್ಥೆಯಲ್ಲಿ ಪತ್ರವ್ಯವಹಾರದ ಕೆಲಸಕ್ಕೆ ಸೇರಿದರು. ಮೊದಲನೆಯ ಮಹಾಯುದ್ಧ ಬಂದು ಆ ಕೆಲಸ ಹೋಯಿತು. ಗಂಡಸರೆಲ್ಲ ಯುದ್ಧಭೂಮಿಗೆ ಹೋಗಿದ್ದರಿಂದ ಅಂಚೆ ಇಲಾಖೆಯ ತಂತಿ ಕಚೇರಿಯಲ್ಲಿ ಕೆಲಸ ಸಿಕ್ಕಿತು.

1918ರ ನವೆಂಬರಿನಲ್ಲಿ ಕೈಸರನ ಆಳ್ವಿಕೆ ಉರುಳಿತು; ಹೆಂಗಸರಿಗೆ ಮತದಾನದ ಹಕ್ಕು ಬಂತು. ಆ ಗದ್ದಲದ ದಿನಗಳಲ್ಲಿ ಅವರಿಗೆ ಪರಿಚಯವಾದವರು ಆಡಮ್ ಸೆಲ್ಬರ್ಟ್. ಮುದ್ರಣಾಲಯದ ಕೆಲಸಗಾರ, ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷದ ಕಾರ್ಯಕರ್ತ. ಎಲಿಜಬೆತ್ ಕೂಡ ಆ ಪಕ್ಷ ಸೇರಿದರು, ಊರಿನ ಪಂಚಾಯಿತಿಗೆ ಆಯ್ಕೆಯಾದರು. 1920ರಲ್ಲಿ ಇಬ್ಬರೂ ಮದುವೆಯಾದರು. ಬೇಗ ಬೇಗನೆ ಎರಡು ಗಂಡುಮಕ್ಕಳು.

ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಊರಿನ ಸಭೆಗಳಲ್ಲಿ ಕೂತು ಕೆಲಸ ಮಾಡುವಾಗ ಅವರಿಗೆ ಒಂದು ವಿಷಯ ಮನವರಿಕೆಯಾಗಿತ್ತು: ಕಾನೂನು ತಿಳಿಯದವರ ಮಾತಿಗೆ ಸಭೆಯಲ್ಲಿ ತೂಕವಿಲ್ಲ. ಎರಡು ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಮನೆಯಲ್ಲೇ ಓದಿ, ಖಾಸಗಿಯಾಗಿ ಪರೀಕ್ಷೆಗೆ ಕೂತು ಆಬಿಟೂರ್ ಪಾಸು ಮಾಡಿದರು. ಮೊದಲು ಮಾರ್ಬುರ್ಗಿನಲ್ಲಿ, ಆಮೇಲೆ ಗ್ಯೋಟಿಂಗೆನ್ನಿನಲ್ಲಿ ಕಾನೂನು ಓದಿದರು. ತರಗತಿಗಳಲ್ಲಿ ಹೆಣ್ಣುಮಕ್ಕಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಗಂಡನ ಹಾಗೂ ಹೆತ್ತವರ ಬೆಂಬಲವಿಲ್ಲದೆ ಇದು ಆಗುತ್ತಿರಲಿಲ್ಲ. ಹೆಂಡತಿಯ ಓದಿಗೆ ಬೆನ್ನೆಲುಬಾಗಿ ನಿಂತ ಗಂಡಂದಿರು ಈ ಸಭೆಯಲ್ಲೂ ಇದ್ದಾರೆ. ಅವರಿಗೆ ಆಡಮ್ ಸೆಲ್ಬರ್ಟರ ಕಥೆ ಇಷ್ಟವಾಗಬಹುದು.

1930ರಲ್ಲಿ ಅವರಿಗೆ ಡಾಕ್ಟರೇಟ್ ಬಂತು. ಪ್ರಬಂಧದ ವಿಷಯ ವಿಚ್ಛೇದನ. ಆಗಿನ ಕಾನೂನಿನಲ್ಲಿ ವಿಚ್ಛೇದನ ಬೇಕೆಂದರೆ ಗಂಡನದೋ ಹೆಂಡತಿಯದೋ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು. ತಪ್ಪು ಹೊರಿಸಿಕೊಂಡ ಹೆಂಡತಿಗೆ ಜೀವನಾಂಶವೂ ಇಲ್ಲ. ಹೀಗೆ ಒಬ್ಬರ ಮೇಲೊಬ್ಬರು ಕೆಸರು ಎರಚುವುದಕ್ಕಿಂತ, ಸಂಸಾರ ಮುರಿದುಹೋಗಿದೆ ಎಂಬುದನ್ನೇ ಕಾರಣವಾಗಿ ಒಪ್ಪಬೇಕು ಎಂಬುದು ಅವರ ವಾದ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

1933ರಲ್ಲಿ ಹಿಟ್ಲರನ ಆಡಳಿತ ಬಂತು. ಆಡಮ್ ಸೆಲ್ಬರ್ಟರ ಕೆಲಸ ಹೋಯಿತು. ಕಾಸೆಲ್ ಹತ್ತಿರದ ಬ್ರೈಟನೌ ಶಿಬಿರದಲ್ಲಿ ಅವರನ್ನು ಕೂಡಿಹಾಕಿದರು. ಬಿಡುಗಡೆಯಾಗಿ ಬಂದ ಮೇಲೂ ಅವರಿಗೆ ಕೆಲಸ ಸಿಗುವಂತಿರಲಿಲ್ಲ. ಸಂಸಾರದ ಭಾರವೆಲ್ಲ ಎಲಿಜಬೆತ್ ಅವರ ಹೆಗಲಿಗೆ ಬಿತ್ತು. ಹೆಂಗಸರನ್ನು ವಕೀಲಿಯಿಂದ ಹೊರಗಿಡಬೇಕೆಂಬುದು ಹೊಸ ಸರ್ಕಾರದ ನೀತಿ. ಆ ಬಾಗಿಲು ಮುಚ್ಚುವುದಕ್ಕೆ ಕೆಲವೇ ದಿನ ಮೊದಲು, 1934ರ ಡಿಸೆಂಬರಿನಲ್ಲಿ, ಹಿರಿಯ ನ್ಯಾಯಾಧೀಶರ ಧೈರ್ಯದಿಂದ ಅವರಿಗೆ ಸನ್ನದು ಸಿಕ್ಕಿತು. ಅವರು ಹಿಡಿದ ಕಚೇರಿ ಅದುವರೆಗೆ ಯೆಹೂದಿ ವಕೀಲರದಾಗಿತ್ತು. ಆ ಆಡಳಿತದ ಕಿರುಕುಳ ತಾಳಲಾರದೆ ಅವರು ಅದನ್ನು ಬಿಟ್ಟುಹೋಗಬೇಕಾಯಿತು. ಒಬ್ಬರ ಅನ್ಯಾಯದ ನೆರಳಿನಲ್ಲಿ ಇನ್ನೊಬ್ಬರ ಅನ್ನ ಹುಟ್ಟುವ ಕಾಲ ಅದು. ಒಳ್ಳೆಯವರ ಕಥೆಯಲ್ಲೂ ಇಂಥ ಪುಟ ಬರುತ್ತದೆ. ಅದನ್ನು ಹಾರಿಸಿ ಹೇಳುವುದು ಸರಿಯಲ್ಲ.

ವಕೀಲರ ಕಚೇರಿಗೆ ಬರುವವರು ಸುಖ ಹೇಳಿಕೊಳ್ಳಲು ಬರುವುದಿಲ್ಲ. ಸೆಲ್ಬರ್ಟ್ ಅವರ ಮೇಜಿನ ಮುಂದೆ ಕೂತು ಕಣ್ಣೀರು ಹಾಕಿದ ಹೆಂಗಸರ ಕಷ್ಟಗಳ ಬೇರು 1900ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯಲ್ಲಿತ್ತು. ಅದರ ಪ್ರಕಾರ ಸಂಸಾರದ ಎಲ್ಲ ವಿಷಯದಲ್ಲಿ ಕೊನೆಯ ಮಾತು ಗಂಡನದು. ಯಾವ ಊರಲ್ಲಿ, ಯಾವ ಮನೆಯಲ್ಲಿ ಇರಬೇಕೆಂಬುದೂ ಅವನ ತೀರ್ಮಾನ. ಹೆಂಡತಿ ತವರಿನಿಂದ ತಂದ ಆಸ್ತಿಯ ಆಡಳಿತ, ಅದರ ಉತ್ಪತ್ತಿ ಗಂಡನ ಕೈಗೆ. ಹೆಂಡತಿ ಕೆಲಸಕ್ಕೆ ಸೇರಿದ್ದರೆ ನ್ಯಾಯಾಲಯದ ಒಪ್ಪಿಗೆ ಪಡೆದು ಗಂಡನೇ ಅವಳ ಕೆಲಸ ಬಿಡಿಸಬಹುದಿತ್ತು. ಮಕ್ಕಳ ಮೇಲಿನ ಅಧಿಕಾರ ತಂದೆಯದು.

ಇದನ್ನು ಕೇಳಿ, ನಮ್ಮ ಕಡೆಯೇ ಪರವಾಗಿಲ್ಲವೇನೋ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಿಲ್ಲ. ಸೆಲ್ಬರ್ಟರ ಗಂಡ ಶಿಬಿರ ಕಂಡ ಅದೇ 1933ರಲ್ಲಿ, ನಮ್ಮ ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂತು. ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಸಿಗಬೇಕೆಂದು ಅದು ಹೇಳಿತು. ಗಂಡುಮಕ್ಕಳ ಸಮಕ್ಕೆ ಅಲ್ಲ, ಆದರೂ ಪಾಲು. ಭಾರತದ ಬಹುಭಾಗದಲ್ಲಿ ಅಂಥದೊಂದು ಮಾತು ಹುಟ್ಟುವುದಕ್ಕೆ ಮೊದಲೇ ಮೈಸೂರು ಆ ಹೆಜ್ಜೆ ಇಟ್ಟಿತ್ತು. ಮುಂದುವರಿದ ದೇಶ, ಹಿಂದುಳಿದ ದೇಶ ಎಂಬ ನಮ್ಮ ಲೆಕ್ಕ ಯಾವಾಗಲೂ ಸರಿ ಹೋಗುವುದಿಲ್ಲ.

ಯುದ್ಧ ಮುಗಿಯಿತು. 1943ರ ಅಕ್ಟೋಬರಿನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಕಾಸೆಲ್ಲಿನ ಹಳೆಯ ಊರು ಸುಟ್ಟು ಬೂದಿಯಾಗಿತ್ತು. ಆ ಅವಶೇಷದ ನಡುವೆ ಹೊಸ ರಾಜ್ಯಗಳು ಹುಟ್ಟಿದವು. 1946ರಲ್ಲಿ ಸೆಲ್ಬರ್ಟ್ ಅವರು ಹೆಸ್ಸೆನ್ನಿನ ಸಂವಿಧಾನ ರಚಿಸಿದ ಸಭೆಯ ಸದಸ್ಯೆಯಾದರು. ಆ ವರ್ಷದ ಕೊನೆಗೆ ವೀಸ್‌ಬಾಡೆನ್ನಿನ ಲಾಂಡ್‌ಟಾಗಿಗೆ ಆಯ್ಕೆಯಾಗಿ 1958ರವರೆಗೆ ಅಲ್ಲಿ ಕೂತರು. 1946ರ ಡಿಸೆಂಬರ್ 1ರಂದು ಜನಮತದಿಂದ ಒಪ್ಪಿಗೆ ಪಡೆದ ಹೆಸ್ಸೆನ್ ಸಂವಿಧಾನದಲ್ಲಿ, ಲಿಂಗಭೇದವಿಲ್ಲದೆ ಎಲ್ಲರೂ ಕಾನೂನಿನ ಮುಂದೆ ಸಮಾನರು ಎಂಬ ಮಾತಿದೆ. ಸಮಾನ ಕೆಲಸಕ್ಕೆ ಹೆಣ್ಣಿಗೂ ಸಮಾನ ಕೂಲಿ ಎಂಬ ಮಾತೂ ಇದೆ. ಪಶ್ಚಿಮ ಜರ್ಮನಿಗೇ ಸಂವಿಧಾನ ಬರೆಯುವ ಮೊದಲು ಅವರಿಗೆ ಸಿಕ್ಕ ಪಾಠಶಾಲೆ ಈ ರಾಜ್ಯದ ಸಭೆ.

1948ರ ಸೆಪ್ಟೆಂಬರ್ 1ರಂದು ಬಾನ್ ನಗರದಲ್ಲಿ ಸಂವಿಧಾನ ರಚನಾ ಸಭೆ ಸೇರಿತು. ಉದ್ಘಾಟನೆ ನಡೆದದ್ದು ಕೋನಿಗ್ ವಸ್ತುಸಂಗ್ರಹಾಲಯದಲ್ಲಿ. ಮಕ್ಕಳನ್ನು ಕರೆದುಕೊಂಡು ಆ ಪ್ರಾಣಿ ಸಂಗ್ರಹ ನೋಡಲು ನೀವು ಹೋಗಿರಬಹುದು. ದೇಶದ ಸಂವಿಧಾನದ ಕೆಲಸ ಅಲ್ಲಿಯ ಜಿರಾಫೆಯ ಸಮ್ಮುಖದಲ್ಲಿ ಆರಂಭವಾಯಿತು. ಈ ಸಭೆಗೆ ರಾಜ್ಯಗಳ ವಿಧಾನಸಭೆಗಳು 65 ಮಂದಿಯನ್ನು ಆರಿಸಿ ಕಳಿಸಿದ್ದವು. ಅಧ್ಯಕ್ಷರು ಕೊನ್ರಾಡ್ ಅಡೆನೌವರ್. ಅರುವತ್ತೈದರಲ್ಲಿ ಹೆಂಗಸರು ನಾಲ್ವರು: ಎಲಿಜಬೆತ್ ಸೆಲ್ಬರ್ಟ್, ಫ್ರೀಡೆರಿಕೆ ನಾಡಿಗ್, ಹೆಲೆನೆ ವೆಬರ್, ಹೆಲೆನೆ ವೆಸ್ಸೆಲ್. ಸೆಲ್ಬರ್ಟ್ ಹೆಸ್ಸೆನ್ನಿನವರಾದರೂ ಅವರನ್ನು ಕಳಿಸಿದ್ದು ಪಕ್ಕದ ನೀಡರ್‌ಸಾಕ್ಸೆನ್ ರಾಜ್ಯದ ವಿಧಾನಸಭೆ. ಅವರಿಗೆ ಒಪ್ಪಿಸಿದ್ದ ಮುಖ್ಯ ಕೆಲಸ ನ್ಯಾಯಾಲಯಗಳ ವ್ಯವಸ್ಥೆ, ನ್ಯಾಯಾಧೀಶರ ಸ್ವಾತಂತ್ರ್ಯ ಇವುಗಳ ಕರಡು. ಹೆಂಗಸರ ಹಕ್ಕಿನ ವಿಷಯ ತಾನಾಗಿಯೇ ಬರುತ್ತದೆ, ಅದಕ್ಕೆ ಹೋರಾಡಬೇಕಾಗಿಲ್ಲ ಎಂದೇ ಅವರು ತಿಳಿದಿದ್ದರು.

ಆದರೆ ಕರಡಿನಲ್ಲಿ ಬಂದದ್ದು ಬೇರೆಯೇ. 1919ರ ವೈಮಾರ್ ಸಂವಿಧಾನದಲ್ಲಿದ್ದ ಮಾತು, ಪುರುಷರಿಗೂ ಸ್ತ್ರೀಯರಿಗೂ ತಾತ್ವಿಕವಾಗಿ ಒಂದೇ ಬಗೆಯ ಪೌರ ಹಕ್ಕು, ಪೌರ ಕರ್ತವ್ಯ ಎಂಬುದು. ಕೇಳಲು ಚೆನ್ನಾಗಿದೆ. ವಕೀಲರ ಕಣ್ಣಿಗೆ ಮಾತ್ರ ಅದರಲ್ಲಿ ಎರಡು ತೂತು ಕಾಣುತ್ತದೆ. ‘ತಾತ್ವಿಕವಾಗಿ’ ಎಂದರೆ ಆಚರಣೆಯಲ್ಲಿ ವಿನಾಯಿತಿ ಇದೆ ಎಂದರ್ಥ. ‘ಪೌರ ಹಕ್ಕು’ ಎಂದರೆ ಮತ ಹಾಕುವುದು, ಚುನಾವಣೆಗೆ ನಿಲ್ಲುವುದು. ಮನೆಯ ಹೊಸ್ತಿಲು ದಾಟಿ ಒಳಗೆ ಅದಕ್ಕೆ ಪ್ರವೇಶವಿಲ್ಲ. ಮತ ಹಾಕಿ ಬಂದ ಹೆಂಗಸು ಮನೆಯಲ್ಲಿ ಗಂಡನ ಅಪ್ಪಣೆ ಕೇಳಬೇಕಾದದ್ದು ಹಾಗೆಯೇ. ಚರ್ಚೆಯಲ್ಲಿದ್ದ ಇನ್ನೊಂದು ಸೂತ್ರ, ಕಾನೂನು ಸಮಾನವಾದುದನ್ನು ಸಮಾನವಾಗಿ ಕಾಣಬೇಕು, ಬೇರೆಯಾದುದನ್ನು ಅದರ ಸ್ವಭಾವಕ್ಕೆ ತಕ್ಕಂತೆ ಕಾಣಬಹುದು ಎಂಬರ್ಥದ್ದು. ಹೆಣ್ಣಿನ ಸ್ವಭಾವ ಏನೆಂದು ತೀರ್ಮಾನಿಸುವವರು ಯಾರು? ಅದೇ ಹಳೆಯ ಸಂಹಿತೆಯನ್ನು ಬರೆದಂಥವರೇ ಅಲ್ಲವೆ?

ಅದಕ್ಕೇ ಸೆಲ್ಬರ್ಟ್ ಅವರು ಆ ಐದು ಪದ ಬರೆದರು. ಅದರಲ್ಲಿ ‘ತಾತ್ವಿಕವಾಗಿ’ ಇಲ್ಲ, ‘ಪೌರ’ ಇಲ್ಲ, ‘ಸ್ವಭಾವಕ್ಕೆ ತಕ್ಕಂತೆ’ ಇಲ್ಲ. ಅವರ ಸ್ವಂತ ಪಕ್ಷದ ಮಹಿಳಾ ಸದಸ್ಯೆಯೂ ಮೊದಲು ಹಿಂಜರಿದರು. ಇಂಥ ವಾಕ್ಯ ಬಂದರೆ ಸಂಹಿತೆಯ ಕುಟುಂಬ ಭಾಗವೆಲ್ಲ ಒಂದೇ ದಿನದಲ್ಲಿ ಬಿದ್ದುಹೋಗುತ್ತದೆ, ಕಾನೂನಿನಲ್ಲಿ ಅರಾಜಕತೆ ಆಗುತ್ತದೆ ಎಂಬುದು ಎಲ್ಲರ ಭಯ. ಬಿದ್ದುಹೋಗಲಿ ಎಂಬುದೇ ಇವರ ಉದ್ದೇಶ. ಆದರೆ ಅರಾಜಕತೆ ಬೇಡವೆಂಬುದಕ್ಕೂ ವಕೀಲೆಯಾಗಿ ಉತ್ತರ ಸಿದ್ಧವಾಗಿತ್ತು: ಹಳೆಯ ಕಾನೂನನ್ನು ತಿದ್ದಿಕೊಳ್ಳಲು 1953ರ ಮಾರ್ಚ್ 31ರವರೆಗೆ ಗಡುವು ಕೊಡೋಣ. ಮುಂದೆ ಅದು 117ನೆಯ ಅನುಚ್ಛೇದವಾಯಿತು. ಬರೀ ಘೋಷಣೆ ಕೂಗುವವರಿಗೂ ಕಸುಬು ಬಲ್ಲವರಿಗೂ ಇರುವ ವ್ಯತ್ಯಾಸ ಇದು.

1948ರ ಡಿಸೆಂಬರ್ 3ರಂದು ಮುಖ್ಯ ಸಮಿತಿಯಲ್ಲಿ ಅವರ ವಾಕ್ಯ ಸೋತಿತು.

ಇಲ್ಲಿ ಒಂದು ಕ್ಷಣ ನಿಂತು ಆ ದಿನಗಳಲ್ಲಿ ಬೇರೆಡೆ ಏನಾಗುತ್ತಿತ್ತೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಅದಕ್ಕೆ ನಾಲ್ಕು ದಿನ ಮುಂಚೆ, ನವೆಂಬರ್ 29ರಂದು, ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ಲಿಂಗ, ಜಾತಿ, ಧರ್ಮಗಳ ಆಧಾರದ ಮೇಲೆ ಭೇದ ಕೂಡದೆಂಬ ಅನುಚ್ಛೇದವನ್ನು ಚರ್ಚಿಸುತ್ತಿತ್ತು. ಇಂದು ಅದು 15ನೆಯ ಅನುಚ್ಛೇದ. ಸೋಲಾದ ಒಂದು ವಾರಕ್ಕೆ, ಡಿಸೆಂಬರ್ 10ರಂದು, ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲ ಅನುಚ್ಛೇದದಲ್ಲಿ ‘ಎಲ್ಲ ಪುರುಷರು’ ಎಂದು ಓದಿಕೊಳ್ಳಬಹುದಾಗಿದ್ದ ಜಾಗದಲ್ಲಿ ‘ಎಲ್ಲ ಮಾನವರು’ ಎಂದು ಬರುವಂತೆ ಮಾಡಿದವರು ಭಾರತದ ಹಂಸಾ ಮೆಹ್ತಾ. ಅವರೂ ಮುಂಬಯಿ ಪ್ರಾಂತದ ಶಾಸಕಿಯಾಗಿದ್ದವರು. ಬಾನ್, ದೆಹಲಿ, ಪ್ಯಾರಿಸ್ಸುಗಳಲ್ಲಿ ಹೆಚ್ಚುಕಡಿಮೆ ಒಂದೇ ಹತ್ತು ಹನ್ನೆರಡು ದಿನಗಳಲ್ಲಿ ಒಂದೇ ಮಾತಿಗಾಗಿ ಜಗ್ಗಾಟ.

ಸೋತ ಮೇಲೆ ಸೆಲ್ಬರ್ಟ್ ಅವರು ಮನೆಗೆ ಹೋಗಿ ಕೂರಲಿಲ್ಲ. ಯುದ್ಧದಿಂದಾಗಿ ಮತದಾರರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚಿದ್ದಾರೆ, ಅವರನ್ನು ಬಿಟ್ಟು ಈ ಸಂವಿಧಾನ ನಿಲ್ಲಲಾರದು ಎಂದು ಸಭೆಯಲ್ಲೇ ಎಚ್ಚರಿಸಿದ್ದರು. ಆಮೇಲೆ ಊರಿಂದೂರಿಗೆ ಹೋಗಿ ಸಭೆಗಳಲ್ಲಿ ಮಾತನಾಡಿದರು. ಮಹಿಳಾ ಸಂಘಗಳು, ಕಾರ್ಮಿಕ ಸಂಘಗಳ ಹೆಣ್ಣುಮಕ್ಕಳು, ಬೇರೆ ಬೇರೆ ರಾಜ್ಯಗಳ ವಿಧಾನಸಭೆಗಳ ಮಹಿಳಾ ಸದಸ್ಯರು ಬಾನ್ ನಗರಕ್ಕೆ ಮನವಿ ಕಳಿಸತೊಡಗಿದರು. ಬಟ್ಟೆ ಒಗೆಯುವ ಬುಟ್ಟಿಗಳ ತುಂಬ ಕಾಗದ ಬಂದವೆಂದು ಅವರು ಮುಂದೆ ನೆನೆಯುತ್ತಿದ್ದರು. ಊಟಕ್ಕೆ ರೇಷನ್ನು, ಉರುವಲಿಗೆ ಪರದಾಟ ಇದ್ದ ಚಳಿಗಾಲದಲ್ಲಿ, ಅವಶೇಷಗಳ ಇಟ್ಟಿಗೆ ಎತ್ತಿ ಊರು ಕಟ್ಟುತ್ತಿದ್ದ ಹೆಂಗಸರು ಅಂಚೆಚೀಟಿಗೆ ಕಾಸು ಖರ್ಚು ಮಾಡಿ ಬರೆದರು.

1949ರ ಜನವರಿ 18ರಂದು ಅದೇ ಮುಖ್ಯ ಸಮಿತಿ ಅದೇ ಐದು ಪದಗಳನ್ನು ಒಮ್ಮತದಿಂದ ಅಂಗೀಕರಿಸಿತು. ಆ ಗಳಿಗೆ ತಮ್ಮ ಬಾಳಿನ ಶ್ರೇಷ್ಠ ಗಳಿಗೆ ಎಂದು ಸೆಲ್ಬರ್ಟ್ ಅವರು ಭಾವಿಸಿದರು. ಗಂಡು ಹೆಣ್ಣು ಒಂದೇ ಅಚ್ಚಿನವರು ಎಂಬುದು ಅವರ ವಾದವಾಗಿರಲಿಲ್ಲ. ಬೇರೆ ಬೇರೆಯಾಗಿದ್ದರೂ ಇಬ್ಬರ ಬೆಲೆ ಒಂದೇ, ಆ ಬೆಲೆಯ ಮೇಲೆಯೇ ಹಕ್ಕು ನಿಲ್ಲಬೇಕು ಎಂಬುದು ಅವರ ನಿಲುವು. 1949ರ ಮೇ 23ರಂದು ಸಂವಿಧಾನ ಪ್ರಕಟವಾಯಿತು.

ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ದೊಡ್ಡ ಪದವಿ ಸಿಕ್ಕಿರಬೇಕೆಂದು ನೀವು ತಿಳಿದಿದ್ದರೆ, ಇಲ್ಲ. ಅವರಿಗೆ ಬುಂಡೆಸ್ಟಾಗ್ ಪ್ರವೇಶ ಆಗಲಿಲ್ಲ. 1951ರಲ್ಲಿ ಸಂವಿಧಾನ ನ್ಯಾಯಾಲಯ ಸ್ಥಾಪನೆಯಾದಾಗ ನ್ಯಾಯಾಧೀಶೆಯ ಸ್ಥಾನ ಅವರಿಗೆ ಬರಲಿಲ್ಲ. ಆ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶೆ ಎರ್ನಾ ಶೆಫ್ಲರ್. ಸೆಲ್ಬರ್ಟ್ ಅವರು 1958ರವರೆಗೆ ತಮ್ಮ ರಾಜ್ಯದ ಸಭೆಯಲ್ಲಿ ಇದ್ದು, ಆಮೇಲೆ ಕಾಸೆಲ್ಲಿನ ಕಚೇರಿಗೆ ಹಿಂತಿರುಗಿದರು. ಎಂಬತ್ತು ದಾಟಿದ ಮೇಲೂ ಕುಟುಂಬ ವ್ಯಾಜ್ಯಗಳ ಕಡತ ಹಿಡಿದು ಕೂರುತ್ತಿದ್ದರು. 1986ರ ಜೂನ್ 9ರಂದು ತಮ್ಮ ಊರಿನಲ್ಲೇ ತೀರಿಕೊಂಡರು. ಹೆಸ್ಸೆನ್ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಅವರು ಬದುಕಿದ್ದಾಗಲೇ, 1983ರಲ್ಲಿ, ಆರಂಭಿಸಿತ್ತು.

ಆದರೆ ವಾಕ್ಯದ ಕಥೆ ಅಲ್ಲಿಗೆ ಮುಗಿಯಲಿಲ್ಲ. ನನಗೆ ಮುಖ್ಯವೆನಿಸುವುದು ಈ ಭಾಗವೇ. 1953ರ ಮಾರ್ಚ್ 31ರ ಗಡುವು ಬಂತು, ಹೋಯಿತು. ಸಂಸತ್ತು ಹೊಸ ಕಾನೂನು ಮಾಡಿರಲಿಲ್ಲ. ಆ ವರ್ಷದ ಡಿಸೆಂಬರ್ 18ರಂದು ಸಂವಿಧಾನ ನ್ಯಾಯಾಲಯ ಹೇಳಿತು: ಕಾನೂನು ಬರಲಿ ಬಾರದಿರಲಿ, ಆ ವಾಕ್ಯವೇ ಕಾನೂನು. ಸಮಾನ ಹಕ್ಕಿನ ಕಾಯಿದೆ ಬಂದದ್ದು 1957ರಲ್ಲಿ, ಜಾರಿಯಾದದ್ದು 1958ರ ಜುಲೈ 1ರಂದು. ಅದರಲ್ಲೂ ಮಕ್ಕಳ ವಿಷಯದಲ್ಲಿ ಕೊನೆಯ ಮಾತನ್ನು ತಂದೆಗೇ ಉಳಿಸಿದ್ದರು. 1959ರಲ್ಲಿ ನ್ಯಾಯಾಲಯ ಅದನ್ನೂ ತೆಗೆದುಹಾಕಿತು. ಮನೆಗೆಲಸ ಹೆಂಡತಿಯ ಹೊಣೆ, ಅದಕ್ಕೆ ಅಡ್ಡಿಯಾಗದಿದ್ದರೆ ಹೊರಗೆ ದುಡಿಯಬಹುದು ಎಂಬ ನಿಯಮ 1977ರ ಜುಲೈ 1ರವರೆಗೂ ಬದುಕಿತ್ತು. ಅಂದೇ ವಿಚ್ಛೇದನದ ಕಾನೂನೂ ಬದಲಾಯಿತು: ತಪ್ಪು ಯಾರದೆಂದು ಕೆದಕದೆ, ಸಂಸಾರ ಮುರಿದಿದೆಯೆ ಎಂದಷ್ಟೇ ನೋಡುವುದು. 1930ರಲ್ಲಿ ವಿದ್ಯಾರ್ಥಿನಿಯಾಗಿ ಸೆಲ್ಬರ್ಟ್ ಬರೆದದ್ದು ಇದನ್ನೇ. ನಲವತ್ತೇಳು ವರ್ಷ ಕಾಯಬೇಕಾಯಿತು.

ನಮ್ಮಂಥ ಹೊರಗಿನವರನ್ನು ನೇರವಾಗಿ ಮುಟ್ಟಿದ ತೀರ್ಪುಗಳೂ ಇವೆ. ಪೌರತ್ವದ್ದನ್ನು ಆಗಲೇ ಹೇಳಿದೆ. ಬೇರೆ ಬೇರೆ ದೇಶದ ಗಂಡ ಹೆಂಡಿರ ಆಸ್ತಿಗೆ ಯಾವ ದೇಶದ ಕಾನೂನು ಅನ್ವಯಿಸಬೇಕು ಎಂಬ ಪ್ರಶ್ನೆಗೆ ಇಲ್ಲಿಯ ಹಳೆಯ ಉತ್ತರ ‘ಗಂಡನ ದೇಶದ್ದು’ ಎಂದಿತ್ತು. 1983ರಲ್ಲಿ ಅದನ್ನೂ ಈ ವಾಕ್ಯಕ್ಕೆ ವಿರುದ್ಧವೆಂದು ನ್ಯಾಯಾಲಯ ತಳ್ಳಿಹಾಕಿತು. 1994ರಲ್ಲಿ ಸಂವಿಧಾನಕ್ಕೆ ಇನ್ನೊಂದು ಮಾತು ಸೇರಿಸಿದರು: ಸಮಾನತೆ ಕಾಗದದ ಮೇಲೆ ಇದ್ದರೆ ಸಾಲದು, ಅದು ನಿಜವಾಗಿ ಜಾರಿಯಾಗುವಂತೆ ಸರ್ಕಾರ ಶ್ರಮಿಸಬೇಕು ಎಂದು.

ಈಗ ನಮ್ಮ ಕಡೆಗೆ ತಿರುಗೋಣ. ಜರ್ಮನರ ಪೌರತ್ವ ನಿಯಮ ಕೇಳಿ ನಾವು ಹುಬ್ಬೇರಿಸಬೇಕಾಗಿಲ್ಲ. ಭಾರತದ 1955ರ ಪೌರತ್ವ ಕಾಯಿದೆಯೂ ಪರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಭಾರತೀಯನಾಗಿದ್ದರೆ ಮಾತ್ರ ವಂಶದ ಮೂಲಕ ಪೌರತ್ವ ಕೊಡುತ್ತಿತ್ತು. ತಾಯಿಯ ಹೆಸರು ಅಲ್ಲಿ ಸೇರಿದ್ದು 1992ರ ಡಿಸೆಂಬರ್ 10ರಿಂದ. ಅಂದರೆ ಈ ವಿಷಯದಲ್ಲಿ ನಾವು ಜರ್ಮನಿಗಿಂತ ಹದಿನೆಂಟು ವರ್ಷ ಹಿಂದೆ.

ಇನ್ನು ಆಸ್ತಿಯ ಮಾತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ಮದುವೆಯಾದ ಮಗಳಿಗೂ ಆ ಹಕ್ಕು ಬಂತು. ತಂದೆ ಆ ದಿನ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು.

ಕಾನೂನು ಹೀಗಿದೆ. ಆದರೆ ಊರಿನಿಂದ ಫೋನ್ ಬರುತ್ತದೆ. ಮನೆ ಪಾಲಾಗುತ್ತಿದೆ, ನೀನು ಅಲ್ಲಿ ಚೆನ್ನಾಗಿದ್ದೀಯ, ಒಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಮಾಡಿಬಿಡಮ್ಮ ಎನ್ನುತ್ತಾರೆ. ಬರಲಾಗದಿದ್ದರೆ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿ ಕಳಿಸು ಎನ್ನುತ್ತಾರೆ. ತಂಗಿಯೋ ಅಕ್ಕನೋ ಸಹಿ ಮಾಡಿ ಕಳಿಸುತ್ತಾಳೆ. ಪ್ರೀತಿಯಿಂದ, ತಿಳಿದು ಬಿಟ್ಟುಕೊಟ್ಟರೆ ಅದು ದೊಡ್ಡತನ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ತನಗೆ ಹಕ್ಕಿತ್ತು ಎಂಬುದೇ ಗೊತ್ತಿಲ್ಲದೆ, ಕೇಳಿದರೆ ತವರು ತಪ್ಪಿಹೋಗುತ್ತದೆ ಎಂಬ ಭಯದಿಂದ ಮಾಡಿದ ಸಹಿ ದಾನವಲ್ಲ. ಸೆಲ್ಬರ್ಟ್ ಅವರ ಮೇಜಿನ ಮುಂದೆ ಕೂತಿದ್ದ ಹೆಂಗಸರೂ ಹೀಗೆಯೇ ಎಷ್ಟೋ ಕಡೆ ಸಹಿ ಹಾಕಿ ಬಂದವರು. ಓದದೆ ಸಹಿ ಮಾಡಬೇಡಿ. ನಿಮ್ಮ ತಂಗಿಯ ಕೈಯಲ್ಲಿ ಓದಿಸದೆ ಸಹಿ ಮಾಡಿಸಬೇಡಿ. ಅಣ್ಣತಮ್ಮಂದಿರಾಗಿ ಇಲ್ಲಿ ಕೂತಿರುವವರಿಗೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಕೊನೆಯದಾಗಿ ನಮ್ಮ ಸಂಘದ ಬಗ್ಗೆಯೂ ಒಂದು ಮಾತು, ಯಾರೂ ಬೇಸರಪಟ್ಟುಕೊಳ್ಳಬಾರದು. ಹೊರನಾಡಿನ ಕನ್ನಡ ಸಂಘಗಳಲ್ಲಿ ವೇದಿಕೆಯ ಮೇಲೆ ಯಾರು ಕೂರುತ್ತಾರೆ, ಅಡುಗೆ ಮನೆಯಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಬಿಸಿಬೇಳೆ ಬಾತಿನ ಪಾತ್ರೆ ಹೊತ್ತು ತಂದವರಿಗೆ ವಂದನಾರ್ಪಣೆಯಲ್ಲಿ ಒಂದು ಸಾಲು ಸಿಗುತ್ತದೆ. ಇಲ್ಲಿಯ ಸಂಘಗಳ ಕಾನೂನಿನಂತೆ ನೋಂದಾಯಿಸಿದ ಸಂಘಕ್ಕೆ ನಿಯಮಾವಳಿ ಇರುತ್ತದೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದ ಇರುವುದಿಲ್ಲ. ಭೇದ ಇರುವುದು ಬರೆಯದೆ ಉಳಿದ ರೂಢಿಯಲ್ಲಿ. ಅದನ್ನು ತಿದ್ದಲು ಕಾರ್ಲ್ಸ್‌ರೂಹೆಗೆ ಹೋಗಬೇಕಾಗಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದಿಬ್ಬರು ಎದ್ದು ನಿಂತು ಹೆಸರು ಸೂಚಿಸಿದರೆ ಸಾಕು. ಅಡುಗೆಗೂ ಒಂದು ಪಾಳಿ ಪಟ್ಟಿ ಮಾಡಿದರೆ ಇನ್ನೂ ಒಳ್ಳೆಯದು.

ನಮ್ಮ ಮಕ್ಕಳು ಇಲ್ಲಿಯ ಶಾಲೆಯಲ್ಲಿ ಈ ಸಂವಿಧಾನವನ್ನು ಓದುತ್ತಾರೆ. ಮೂರನೆಯ ಅನುಚ್ಛೇದದ ಪಾಠ ಬಂದ ದಿನ, ಆ ವಾಕ್ಯವನ್ನು ಬರೆದವರು ಯಾರು ಗೊತ್ತೆ ಎಂದು ಊಟದ ಹೊತ್ತಿನಲ್ಲಿ ಮಕ್ಕಳನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ನೀವು ಹೇಳಿ. ಹಣವಿಲ್ಲದ ಮನೆಯಲ್ಲಿ ಹುಟ್ಟಿ, ತಂತಿ ಕಚೇರಿಯಲ್ಲಿ ದುಡಿದು, ಇಬ್ಬರು ಮಕ್ಕಳ ತಾಯಿಯಾದ ಮೇಲೆ ಕಾನೂನು ಓದಿ, ಒಮ್ಮೆ ಸೋತು ಆರೇಳು ವಾರದಲ್ಲಿ ಗೆದ್ದ ಒಬ್ಬ ಹೆಣ್ಣುಮಗಳ ಕಥೆಯನ್ನು ಕನ್ನಡದಲ್ಲೇ ಹೇಳಿ.

ಈಗಲೂ ಒಳಗೆ ನಮ್ಮ ಊಟದ ಸಿದ್ಧತೆಯಲ್ಲಿ ತೊಡಗಿ ಈ ಭಾಷಣವನ್ನು ಕೇಳಲಾಗದೆ ಹೋದವರಿದ್ದಾರೆ. ಅವರಿಗೆಂದೇ ಇದನ್ನು ಸ್ಮರಣ ಸಂಚಿಕೆಗೆ ಬರೆದು ಕೊಡುತ್ತಿದ್ದೇನೆ.